ಹಿಂದಿನ ಸೀಟಿನಲ್ಲಿ ಕೂತು ಕಾರು ಆರಿಸುವುದು: ನನ್ನ ಅನುಭವ

ಟೆಸ್ಟ್ ಡ್ರೈವ್ ಅಂದರೆ ನಾಲ್ಕೈದು ಕಿಲೋಮೀಟರ್ ನುಣ್ಣನೆಯ ರಸ್ತೆ, ಸ್ಟೀರಿಂಗ್ ಹಿಡಿದವ ಒಬ್ಬ, ಪಕ್ಕದಲ್ಲಿ ಸೇಲ್ಸ್ ಹುಡುಗ, ಹಿಂದೆ ಖಾಲಿ. ಮನೆಯ ಗಾಡಿ ಓಡುವುದು ಇದರ ತಿರುವುಮುರುವು: ಹಿಂದೆ ಮೂವರು, ಡಿಕ್ಕಿ ಭರ್ತಿ, ರಸ್ತೆ ತಗ್ಗು-ದಿನ್ನೆ. ಹಾಗಾಗಿ ಡಿಕ್ಕಿಗೆ ಅಕ್ಕಿ ಚೀಲ ಹೇರಿ, ಓಡಿಸುವ ಕೆಲಸ ಬೇರೆಯವರಿಗೆ ಒಪ್ಪಿಸಿ, ಹಿಂದಿನ ಸೀಟಿನಿಂದ ಅಳೆಯುವ ಪದ್ಧತಿ ಹಾಕಿಕೊಂಡೆ. ‘ಕಾರ್ ತಗೋತಾನೋ, ಕಿರಾಣಿ ಅಂಗಡಿ ಇಡ್ತಾನೋ’ ಅಂತ ನಕ್ಕವರೇ ಈಗ ಅದೇ ಚೀಲ ಕಡ ಕೇಳಿ ಒಯ್ಯುತ್ತಿದ್ದಾರೆ.

ನೋಡಿದ್ದು 4.3 ಮೀಟರ್ ಆಸುಪಾಸಿನ ಉದ್ದದ, 1.5 ಲೀಟರ್ ಎಂಜಿನ್‌ನ ಗಾಡಿಗಳನ್ನು. ಕ್ರೆಟಾ, ಸೆಲ್ಟೋಸ್, ಎಲಿವೇಟ್, ಗ್ರ್ಯಾಂಡ್ ವಿಟಾರಾ, ಕುಶಾಕ್ ಸಾಲಿನವು. ಯಾವುದಕ್ಕೆ ಎಷ್ಟು ಅಂಕ ಬಿತ್ತು ಅಂತ ಬರೆಯುವುದಿಲ್ಲ. ಕಂಪನಿಗಳು ಸ್ಪ್ರಿಂಗ್, ಟೈರ್ ಬದಲಿಸುತ್ತಲೇ ಇರುತ್ತವೆ, ಅಂಕ ಹಳಸುತ್ತದೆ.

ಮೊದಲ ಸುತ್ತು ಪೂರ್ತಿ ದಂಡ ಹೋಯಿತು. ಒಂದು ಗಾಡಿ ತಗ್ಗಿನಲ್ಲಿ ಧಡ್ ಧಡ್ ಅಂದದ್ದಕ್ಕೆ ಪಟ್ಟಿಯಿಂದ ಹೊಡೆದು ಹಾಕಿದ್ದಾಗಿತ್ತು. ಆಮೇಲೆ ಗೇಜ್ ಹಚ್ಚಿ ನೋಡಿದರೆ ಟೈರಿನಲ್ಲಿ 40ರ ಮೇಲೆ ಗಾಳಿ. ಬಾಗಿಲ ಕಂಬದ ಚೀಟಿಯಲ್ಲಿ ಕಂಪನಿ ಬರೆದದ್ದು 33. ಡೆಮೊ ಗಾಡಿಗಳಲ್ಲಿ ಇದು ಮಾಮೂಲಿ, ಸಾಗಣೆಗೆ ತುಂಬಿದ ಗಾಳಿಯನ್ನು ಯಾರೂ ಇಳಿಸಿರುವುದಿಲ್ಲ. ಐದಾರುನೂರು ರೂಪಾಯಿಯ ಡಿಜಿಟಲ್ ಗೇಜ್ ಕಿಸೆಯಲ್ಲಿಟ್ಟು, ಟೈರ್ ತಣ್ಣಗಿದ್ದಾಗ ಚೀಟಿಯಷ್ಟಕ್ಕೆ ಇಳಿಸಿದ ಮೇಲೆಯೇ ಗಾಡಿ ಹೊರಡಬೇಕು. ಹೊಡೆದು ಹಾಕಿದ್ದ ಆ ಗಾಡಿಯೇ ಕೊನೆಗೆ ಎರಡನೇ ಸ್ಥಾನಕ್ಕೆ ಬಂತು.

ಚೀಲದ ಲೆಕ್ಕ. ಮೊದಲು ಹಿಂದಿನ ಸೀಟಿನ ಮೇಲೂ 25 ಕಿಲೋ ಚೀಲ ಇಟ್ಟೆವು. ಬ್ರೇಕ್ ಒತ್ತಿದಾಗ ಜಾರಿ ಕೆಳಗೆ ಬಿದ್ದವು, ಬೆಲ್ಟಿನ ಅಲಾರ್ಮು ಬೇರೆ ಕಿವಿ ತಿಂದಿತು. ಈಗಿನ ಕ್ರಮ: ಸೀಟಿನಲ್ಲಿ ಮನುಷ್ಯರು, ಡಿಕ್ಕಿಯಲ್ಲಿ ಮೂರು ಚೀಲ, ಸೀಟಿನ ಬೆನ್ನಿಗೆ ಆನಿಸಿ. ಎಲ್ಲ ಕೂಡಿ ನಾನೂರು ಕಿಲೋ ಹತ್ತಿರ ಹೋಗುತ್ತದೆ, ಹಬ್ಬಕ್ಕೆ ಊರಿಗೆ ಹೊರಟಾಗಿನ ಭಾರ ಅಷ್ಟೇ.

ದಾರಿ ಪ್ರತಿ ಗಾಡಿಗೂ ಒಂದೇ ಇರಬೇಕು. ಹುಬ್ಬಳ್ಳಿಯ ಕೇಶ್ವಾಪುರದಿಂದ ದುರ್ಗದಬೈಲ್ ಸುತ್ತಿನ ಓಣಿ, ಚನ್ನಮ್ಮ ಸರ್ಕಲ್ ದಟ್ಟಣೆ, ಉಣಕಲ್, ನವನಗರ ದಾಟಿ ಧಾರವಾಡ, ಅಲ್ಲಿಯ ಏರಿಳಿತದ ರಸ್ತೆಗಳು, ನರೇಂದ್ರದಿಂದ ಬೈಪಾಸ್ ಹಿಡಿದು ಗಬ್ಬೂರು. ಇದರಿಂದ ಮುಕ್ಕಾಲು ಭಾಗ ತಿಳಿಯುತ್ತದೆ. ಉಳಿದ ಕಾಲು ಭಾಗಕ್ಕೆ ನವಲಗುಂದ ರಸ್ತೆಯೇ ಬೇಕು.

ಅಲ್ಲಿ ಎರಿ (ಕಪ್ಪು) ಮಣ್ಣಿನ ಮೇಲಿನ ರಸ್ತೆ ಮಳೆಗೆ ಉಬ್ಬುತ್ತದೆ, ಬ್ಯಾಸಗಿಗೆ ಕುಗ್ಗುತ್ತದೆ. ಡಾಂಬರು ಒಡೆಯದೆ ಇದ್ದರೂ ಅಲೆ ಏಳುತ್ತದೆ. ಒಂದು ಅಲೆ ಸುಮಾರು 15 ಮೀಟರ್ ಉದ್ದ ಅಂತ ಹಿಡಿಯಿರಿ. 80ರ ವೇಗದಲ್ಲಿ ಸೆಕೆಂಡಿಗೆ ಒಂದೂವರೆ ಅಲೆ ತಗಲುತ್ತದೆ. ಗಾಡಿಯ ಮೈ ತಾನಾಗಿ ತೂಗುವ ಲಯವೂ ಹೆಚ್ಚುಕಡಿಮೆ ಅಷ್ಟೇ, ಎರಡೂ ಕೂಡಿದರೆ ತೊಟ್ಟಿಲು. ಅದಕ್ಕೇ 60, 70, 80 ಮೂರೂ ವೇಗದಲ್ಲಿ ಅದೇ ತುಂಡು ರಸ್ತೆ ಓಡಿಸಿ, ದೊಡ್ಡ ಉಬ್ಬು ದಾಟಿದ ಮೇಲೆ ಹಿಂಭಾಗ ಎಷ್ಟು ಸಲ ತೂಗಿ ನಿಲ್ಲುತ್ತದೆ ಎಣಿಸಬೇಕು. ಒಂದೇ ಸಲಕ್ಕೆ ನಿಂತರೆ ಅಗದಿ ಚಲೋ. ಎರಡು ನಡೆದೀತು. ಮೂರಕ್ಕೆ ಹೋದರೆ ನವಲಗುಂದ ಬರುವುದರೊಳಗೆ ಹುಡುಗರು ವಾಂತಿ ಮಾಡುತ್ತಾರೆ. ಖಾಲಿ ಗಾಡಿಯಲ್ಲಿ ಒಂದಕ್ಕೆ ನಿಂತದ್ದು ಭಾರ ಬಿದ್ದಾಗ ಎರಡೂವರೆಗೆ ಏರಿದ್ದುಂಟು. ಚೀಲ ಬೇಕಾಗುವುದು ಇದಕ್ಕೆ.

ನಡುವೆ ಒಂದು ಹುಚ್ಚು ಪ್ರಯೋಗ: ಕಂಠಮಟ ನೀರು ತುಂಬಿದ ತಂಬಿಗೆಯನ್ನು ಹಿಂದಿನ ಕಾಲಡಿ ಇಟ್ಟು, ಎಷ್ಟು ಚೆಲ್ಲಿತು ಅಂತ ಅಳೆಯುವುದು. ಗಾಡಿಗಿಂತ ಹೆಚ್ಚಾಗಿ ಓಡಿಸುವವನ ಕಾಲಿನ ಗುಣವೇ ಅದರಲ್ಲಿ ಕಂಡಿತು, ಮ್ಯಾಟ್ ತೊಯ್ದದ್ದು ಬೇರೆ. ಆಮೇಲೆ ಮೊಬೈಲಿನ ಕಂಪನ ಅಳೆಯುವ ಆ್ಯಪ್. ಸೀಟಿನ ಮೇಲಿಟ್ಟರೆ ಫೋಮ್ ಅರ್ಧ ನುಂಗುತ್ತದೆ. ಸೀಟು ಕೂರಿಸಿದ ಕಬ್ಬಿಣದ ಹಳಿಗೆ ಡಬಲ್ ಟೇಪ್‌ನಿಂದ ಬಿಗಿದ ಮೇಲೆ ಅಂಕಿಗೆ ಅರ್ಥ ಬಂತು. ಯಾವ ಅಂಕಿ ನೋಡಬೇಕು ಅನ್ನುವುದನ್ನು ಇಲ್ಲಿ ಬಿಚ್ಚುವುದಿಲ್ಲ, ಅದಕ್ಕೆ ಎರಡು ತಿಂಗಳು ಕಳೆದಿದ್ದೇನೆ.

ಚಕ್ರದ ಗಾತ್ರದಲ್ಲಿ ಮಂದಿ ಮೋಸ ಹೋಗುತ್ತಾರೆ. 215/60 ಆರ್ 17 ಟೈರಿನ ಪಕ್ಕೆಯ ಎತ್ತರ 129 ಮಿ.ಮೀ., 215/55 ಆರ್ 18ರದ್ದು 118. ಈ 11 ಮಿ.ಮೀ. ಹೆಚ್ಚಿನ ರಬ್ಬರು, ತಗ್ಗಿನ ಅಂಚು ಹೊಡೆದಾಗ, ರಿಮ್ ಉಳಿಸುತ್ತದೆ. 18 ಇಂಚಿನ ಟೈರಿಗೆ ರೊಕ್ಕವೂ ಹೆಚ್ಚು. ಫೋಟೋದಲ್ಲಿ ಚೆಂದ ಕಾಣುತ್ತದೆ, ಖರೆ.

ಏರುವ-ಇಳಿಯುವ ಅಳತೆಗೆ ಟೇಪ್ ಸಾಕು. ಹಿಂದಿನ ಸೀಟಿನ ಅಂಚು ನೆಲದಿಂದ 65 ಸೆಂ.ಮೀ. ಒಳಗಿದ್ದರೆ ಮೊಣಕಾಲು ನೋವಿನವರು ಜಾರಿ ಕೂಡುತ್ತಾರೆ. 70 ದಾಟಿದರೆ ಏರಿಯೇ ಕೂಡಬೇಕು. ಬಾಗಿಲ ಕೆಳಗಿನ ಹೊಸ್ತಿಲು ಅಗಲ ಇದ್ದು, ಬಾಗಿಲು ಅದನ್ನು ಪೂರ್ತಿ ಮುಚ್ಚದಿದ್ದರೆ, ಮಳೆಗಾಲದಲ್ಲಿ ಎರಿ ಕೆಸರು ಅಲ್ಲೇ ಮೆತ್ತಿಕೊಂಡು ಸೀರೆಯ ಅಂಚಿಗೋ ಧೋತರಕ್ಕೋ ಹತ್ತುತ್ತದೆ. ಯಾವ ಬ್ರೋಶರಿನಲ್ಲೂ ಇದು ಬರೆದಿರುವುದಿಲ್ಲ.

ಡಿಕ್ಕಿಯ ಲೀಟರ್ ಅಂಕಿ ನಂಬಬೇಡಿ, ಮನೆಯ ಪೆಟ್ಟಿಗೆಗಳನ್ನೇ ಒಯ್ದು ಇಟ್ಟು ನೋಡಿ. ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಜೊತೆ ಬ್ಯಾಟರಿ-ಮೋಟಾರಿನಿಂದಲೂ ಓಡುವ) ಗಾಡಿಯಲ್ಲಿ ಬ್ಯಾಟರಿ ಡಿಕ್ಕಿಯ ಕೆಳಗೆ ಕೂತಿರುತ್ತದೆ, ಜಾಗ ಎದ್ದು ಕಾಣುವಷ್ಟು ಕಡಿಮೆ.

ಏಸಿ ಪರೀಕ್ಷೆ ಏಪ್ರಿಲ್ ಮಧ್ಯಾಹ್ನ ಎರಡಕ್ಕೆ. ಒಂದು ತಾಸು ಬಿಸಿಲಲ್ಲಿ ನಿಲ್ಲಿಸಿ, ಇನ್ನೂರು ರೂಪಾಯಿಯ ಥರ್ಮಾಮೀಟರನ್ನು ಹಿಂದಿನ ಸೀಟಿನ ತಲೆಯ ಎತ್ತರಕ್ಕೆ ತೂಗುಹಾಕಿ, 27ಕ್ಕೆ ಇಳಿಯಲು ಎಷ್ಟು ನಿಮಿಷ ಅಂತ ನೋಡುವುದು. ಚಲೋ ಗಾಡಿ ಹತ್ತರೊಳಗೆ ಇಳಿಸಿತು, ಒಂದು ಹದಿನಾರು ತೆಗೆದುಕೊಂಡಿತು. ದೊಡ್ಡ ಸನ್‌ರೂಫ್ ಇದ್ದರೆ ಪರದೆ ಮುಚ್ಚಿದರೂ ನೆತ್ತಿ ಸುಡುತ್ತದೆ, ಎತ್ತರದವರ ತಲೆಗೆ ಎರಡು ಬೆರಳು ಜಾಗವೂ ಹೋಗುತ್ತದೆ.

ಮೈಲೇಜಿನಲ್ಲಿ ಮೂರು ಸಲ ಎಡವಿದ್ದೇನೆ. ನೂರು ಕಿಲೋಮೀಟರಿಗೆ ಏಳೆಂಟು ಲೀಟರ್ ಹೋಗುವಾಗ, ತುಂಬಿಸುವುದರಲ್ಲಿ ಒಂದು ಲೀಟರ್ ತಪ್ಪಿದರೂ ಲೆಕ್ಕ ಹದಿಮೂರು ಪರ್ಸೆಂಟ್ ಕೆಡುತ್ತದೆ. ಕನಿಷ್ಠ 300 ಕಿಲೋಮೀಟರ್ ಓಡಬೇಕು, ಅದೇ ಪಂಪು, ಅದೇ ನಾಝಲ್, ಮೊದಲ ಕಟ್‌ಗೇ ನಿಲ್ಲಿಸಬೇಕು. ಸಾದಾ ಪೆಟ್ರೋಲ್ ಆಟೊಮ್ಯಾಟಿಕ್ ಊರೊಳಗೆ ಲೀಟರಿಗೆ ಹತ್ತು-ಹನ್ನೊಂದು ಕಿಲೋಮೀಟರ್, ಬೈಪಾಸಿನಲ್ಲಿ 80ಕ್ಕೆ ಹಿಡಿದರೆ ಹದಿನೇಳರ ಹತ್ತಿರ. ಪರದೆ ಮೇಲಿನ ಅಂಕಿ ಯಾವಾಗಲೂ ಒಂದು ಗುಟುಕು ಹೆಚ್ಚೇ ತೋರಿಸಿತು.

ಡೀಸೆಲ್ ಬೇಕನ್ನುವವರು ದಿನದ ಓಟ ನೋಡಿಕೊಳ್ಳಿ. ಶಾಲೆ, ಸಂತೆ ಅಂತ ನಾಲ್ಕು ಕಿಲೋಮೀಟರಿನ ಓಟವಷ್ಟೇ ಇದ್ದರೆ ಹೊಗೆಯ ಫಿಲ್ಟರ್ ಮಸಿ ಸುಡುವಷ್ಟು ಕಾಯುವುದೇ ಇಲ್ಲ, ಕಟ್ಟಿಕೊಂಡು ದೀಪ ಹತ್ತುತ್ತದೆ. ಧಾರವಾಡಕ್ಕೆ ದಿನಾ ಹೋಗಿಬರುವವರಿಗೆ ಆ ತೊಂದರೆ ಕಡಿಮೆ. ಒಣ ಕ್ಲಚ್ಚಿನ (ಎಣ್ಣೆಯಲ್ಲಿ ಮುಳುಗಿರದ) ಡಿಸಿಟಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್ ಇದ್ದರೆ ಚನ್ನಮ್ಮ ಸರ್ಕಲ್‌ನಲ್ಲಿ ಇಪ್ಪತ್ತು ನಿಮಿಷ ತೆವಳಿಸಿ, ಕೂಡಲೇ ಏರಿನಲ್ಲಿ ರಿವರ್ಸ್ ಹಾಕಿ ನೋಡಿ. ನಡುಗಿದರೆ, ವಾಸನೆ ಬಂದರೆ ಅಲ್ಲಿಗೇ ಬಿಡುವುದು.

ಲೇನ್ ಹಿಡಿಸುವ, ತಾನೇ ಬ್ರೇಕ್ ಹಾಕುವ ಸೌಲಭ್ಯಗಳು ಹೆದ್ದಾರಿಗೆ ಸರಿ. ಊರೊಳಗೆ ಅಡ್ಡ ನುಗ್ಗುವ ಬೈಕು, ಟ್ರ್ಯಾಕ್ಟರು ಕಂಡಾಗೆಲ್ಲ ಕೂಗುತ್ತವೆ. ಅವನ್ನು ಬಂದ್ ಮಾಡಲು ಎಷ್ಟು ಸಲ ಗುಂಡಿ ಒತ್ತಬೇಕು, ಗಾಡಿ ಮತ್ತೆ ಚಾಲೂ ಮಾಡಿದಾಗ ತಾನೇ ಹತ್ತಿಕೊಳ್ಳುತ್ತದೆಯೋ ನೋಡಿ.

ರೊಕ್ಕದ ಮಾತು. ಡೀಲರ್ ಅರ್ಧ ದಿನ ಗಾಡಿ ಬಿಡಲಿಲ್ಲ ಅಂದರೆ ಸೆಲ್ಫ್ ಡ್ರೈವ್ ಬಾಡಿಗೆ, ದಿನಕ್ಕೆ ಮೂರು-ಮೂರೂವರೆ ಸಾವಿರ. ಎಲ್ಲ ಗಾಡಿ, ಎಣ್ಣೆ ಸೇರಿ ಹದಿನೈದು ಸಾವಿರ ಮುಟ್ಟಿತು. ಉಳಿದದ್ದು? ಟಾಪ್ ವೇರಿಯಂಟ್ ಬಿಟ್ಟಿದ್ದರಿಂದ ಎರಡೂವರೆ ಲಕ್ಷದ ಮೇಲೆ. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಗಾಡಿಗೆ ಜೀವಾವಧಿ ತೆರಿಗೆ 17 ಪರ್ಸೆಂಟ್, ಆ ತೆರಿಗೆಯ ಮೇಲೆ 11 ಪರ್ಸೆಂಟ್ ಸೆಸ್. ಅಂದರೆ ಮೇಲಿನ ವೇರಿಯಂಟಿಗೆ ಕೊಡುವ ಪ್ರತಿ ಲಕ್ಷದ ಹಿಂದೆ ಹತ್ತೊಂಬತ್ತು ಸಾವಿರದ ಹತ್ತಿರ ಸರ್ಕಾರಕ್ಕೆ. ಹತ್ತು ಲಕ್ಷ ದಾಟಿದ ಗಾಡಿಗೆ ಡೀಲರ್ ಹಿಡಿಯುವ ಒಂದು ಪರ್ಸೆಂಟ್ ಮುಂಗಡ ತೆರಿಗೆ (ಟಿಸಿಎಸ್) ಮಾತ್ರ ಆದಾಯ ತೆರಿಗೆ ಲೆಕ್ಕದಲ್ಲಿ ಹೊಂದಿಕೆಯಾಗುತ್ತದೆ, ಆ ರಸೀದಿ ಕಳೆಯಬೇಡಿ. ಅರ್ಧ ದಿನಕ್ಕೆ ಡೆಮೊ ಗಾಡಿ ಬಿಡಿಸಿಕೊಳ್ಳುವ ಉಪಾಯವೂ ಒಂದಿದೆ. ಬರೆದರೆ ನಾಳೆಯಿಂದ ಯಾರಿಗೂ ಸಿಗುವುದಿಲ್ಲ.

ಕಡೆಗೆ ಬಂದದ್ದು 17 ಇಂಚಿನ ಚಕ್ರದ ನಡು ವೇರಿಯಂಟ್. ಎಂಟು ಸಾವಿರ ಕಿಲೋಮೀಟರ್ ಆದ ಮೇಲೆ ಅದೇ ಚೀಲ ಹೇರಿ ನವಲಗುಂದ ರಸ್ತೆಗೆ ಮತ್ತೆ ಒಯ್ದೆವು: 80ಕ್ಕೆ ಒಂದೂವರೆ ತೂಗು, ಮೊದಲ ದಿನ ಇದ್ದಷ್ಟೇ.