ಮೀಟಪ್‌ಗೆ ಹೋಗಿ ಬರಿಗೈಯಲ್ಲಿ ಮರಳದಿರಲು

ಬೆಂಗಳೂರಿನಲ್ಲಿ ತಂತ್ರಜ್ಞಾನದ ಆಸಕ್ತರು ಸೇರುವ ಮೀಟಪ್‌ಗಳಲ್ಲಿ ಬಾಗಿಲ ಬಳಿ ಮೇಜು ಹಾಕಿಕೊಂಡು ಬಂದವರ ಹೆಸರಿಗೆ ಟಿಕ್ ಹಾಕುವ ಕೆಲಸ ನನ್ನದು. ಹಲವು ವರ್ಷಗಳಿಂದ ಅಲ್ಲೇ ಕುಳಿತಿದ್ದೇನೆ. ಬರುವವರ ಮುಖವೂ ಕಾಣುತ್ತದೆ, ಹೋಗುವವರ ಮುಖವೂ ಕಾಣುತ್ತದೆ. ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಬಂದ ಹುಡುಗ ಮೂರು ಟಾಕ್ ಕೇಳಿ, ಒಂದು ಸಮೋಸ ತಿಂದು, ಯಾರನ್ನೂ ಮಾತನಾಡಿಸದೆ ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ಹೊರಡುವುದನ್ನು ನೋಡಿದರೆ ಕರುಳು ಚುರುಕ್ ಎನ್ನುತ್ತದೆ. ಟಾಕ್ ಕೇಳಲು ಅಷ್ಟು ದೂರ ಬರಬೇಕಿರಲಿಲ್ಲ; ಯೂಟ್ಯೂಬಿನಲ್ಲಿ ಅದು ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ. ಅವನು ಬಂದದ್ದು ಜನರಿಗಾಗಿ. ಆ ಜನ ಸಿಗುವುದು ಚಹಾ ವಿರಾಮದ ಇಪ್ಪತ್ತು ನಿಮಿಷದಲ್ಲಿ, ಉಳಿಯುವುದು ಆ ರಾತ್ರಿ ಕಳುಹಿಸುವ ಒಂದು ಸಂದೇಶದಿಂದ. ಎರಡನ್ನೂ ಕೆಡಿಸಿಕೊಳ್ಳುವ ಬಗೆಗಳನ್ನು ಕಣ್ತುಂಬ ನೋಡಿದ್ದೇನೆ.

ಹೆಜ್ಜೆ 1: ಸಣ್ಣ ಗುಂಪು ಆರಿಸಿಕೊಳ್ಳಿ

ಈ ಊರಿಗೆ ಇಂಥ ಕೂಟಗಳು ಹೊಸವಲ್ಲ. 2001ರಲ್ಲಿ ಲಿನಕ್ಸ್ ಬ್ಯಾಂಗಲೋರ್ ಎಂಬ ಹೆಸರಿನಲ್ಲಿ ಶುರುವಾದ ಮುಕ್ತ ತಂತ್ರಾಂಶದ (ಯಾರು ಬೇಕಾದರೂ ಬಳಸಿ, ತಿದ್ದಬಹುದಾದ ತಂತ್ರಾಂಶ) ಸಮಾವೇಶ 2005ರಲ್ಲಿ ಫಾಸ್ ಡಾಟ್ ಇನ್ ಆಯಿತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸುವವರ ಸಮಾವೇಶ ಪೈಕಾನ್ ಇಂಡಿಯಾ 2009ರಲ್ಲಿ ಮೊದಲ ಸಲ ನಡೆದದ್ದು ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಆದರೆ ಮೊದಲ ಸಲವೇ ಸಮಾವೇಶಕ್ಕೆ ಹೋಗಬೇಡಿ. ಅಲ್ಲಿ ಜಾತ್ರೆಯಲ್ಲಿ ಕಳೆದುಹೋದ ಮಗುವಿನಂತಾಗುತ್ತೀರಿ. ಸಣ್ಣದಾಗಿ, ಆಗಾಗ ಸೇರುವ ಗುಂಪುಗಳನ್ನು ಹುಡುಕಿ: ಪೈಥಾನ್ ಬಳಸುವವರ ಬ್ಯಾಂಗ್‌ಪೈಪರ್ಸ್, ಮುಕ್ತ ದತ್ತಾಂಶದ ಆಸಕ್ತರ ಡಾಟಾಮೀಟ್, ಮುಕ್ತ ತಂತ್ರಾಂಶದ ಫಾಸ್ ಯುನೈಟೆಡ್. ಮೂವತ್ತು ನಲವತ್ತು ಜನ ಸೇರುವ ಕಡೆ ಎರಡನೇ ತಿಂಗಳಿಗೇ ನಿಮ್ಮ ಮುಖದ ಗುರುತು ಸಿಗುತ್ತದೆ.

ಅಪರಿಚಿತರ ಜೊತೆ ಮಾತೇ ಹೊರಡದು ಎನ್ನುವವರಿಗೆ ನನ್ನ ಸಲಹೆ ಒಂದೇ, ಕನ್ನಡ ವಿಕಿಪೀಡಿಯದ ಸಂಪಾದನೋತ್ಸವ. ಪಕ್ಕದವರ ಜೊತೆ ಕುಳಿತು ಲೇಖನ ತಿದ್ದುವುದೇ ಅಲ್ಲಿನ ಕೆಲಸ. ಕೈಗೆ ಕೆಲಸವಿದ್ದಾಗ ಬಾಯಿ ತಾನಾಗಿ ಬಿಡುತ್ತದೆ.

ಹೆಜ್ಜೆ 2: ನೋಂದಣಿ

ಗುರುತಿನ ಚೀಟಿಯಲ್ಲಿ ಇರುವ ಹೆಸರನ್ನೇ ಕೊಡಿ. ಮೀಟಪ್ ಕಂಪನಿಯೊಂದರ ಕ್ಯಾಂಪಸ್ಸಿನಲ್ಲಿದ್ದರೆ ಗೇಟಿನಲ್ಲಿ ಸೆಕ್ಯುರಿಟಿಯವರು ಪಟ್ಟಿಗೂ ಚೀಟಿಗೂ ತಾಳೆ ನೋಡುತ್ತಾರೆ, ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಬರೆಸಿಕೊಳ್ಳುತ್ತಾರೆ. "ಕೋಡ್ ನಿಂಜಾ" ಎಂದು ನೋಂದಾಯಿಸಿದವರೊಬ್ಬರು ಮುಕ್ಕಾಲು ಗಂಟೆ ಗೇಟಿನ ಹೊರಗೆ ನಿಂತದ್ದು ನನಗೆ ನೆನಪಿದೆ. ಬರಲಾಗದಿದ್ದರೆ ಹಿಂದಿನ ದಿನವೇ ರದ್ದು ಮಾಡಿ. ಕಾಯುವ ಪಟ್ಟಿಯಲ್ಲಿ ಯಾರೋ ಕಾದಿರುತ್ತಾರೆ. ಉಚಿತ ಕಾರ್ಯಕ್ರಮವೆಂದು ಹೆಸರು ಕೊಟ್ಟು ಬಾರದೇ ಇರುವವರಿಂದಲೇ ನಮ್ಮ ಸಮೋಸದ ಲೆಕ್ಕ ಪ್ರತಿ ಸಲ ತಪ್ಪುತ್ತದೆ.

ಹೆಜ್ಜೆ 3: ಲಿಂಕ್ಡ್‌ಇನ್‌ನಲ್ಲಿ ಮುಖ ಗುರುತಾಗುವಂಥ ಫೋಟೊ ಹಾಕಿ, ಏನು ಮಾಡುತ್ತೀರಿ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ.

ಅಷ್ಟು ಸಾಕು. ಮೊಬೈಲಿಗೆ ತಾಗಿಸಿದರೆ ನಿಮ್ಮ ವಿವರ ತೆರೆದುಕೊಳ್ಳುವ ಎನ್‌ಎಫ್‌ಸಿ ಕಾರ್ಡುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಕೊಳ್ಳಬೇಡಿ. ಎದುರಿನವರ ಮೊಬೈಲಿನಲ್ಲಿ ಎನ್‌ಎಫ್‌ಸಿ ಆಫ್ ಆಗಿರುತ್ತದೆ, ಇಲ್ಲವೇ ಕವರ್ ದಪ್ಪಗಿರುತ್ತದೆ. ಇಬ್ಬರೂ ಮೊಬೈಲಿನ ಬೆನ್ನು ಉಜ್ಜುತ್ತ ನಿಲ್ಲುವಷ್ಟರಲ್ಲಿ ಚಹಾ ತಣ್ಣಗಾಗುತ್ತದೆ. ಹತ್ತು ರೂಪಾಯಿಯ ಪುಟ್ಟ ನೋಟ್‌ಬುಕ್ ಮತ್ತು ಒಂದು ಪೆನ್ನು ತನ್ನಿ.

ಹೆಜ್ಜೆ 4: ಚಹಾ ವಿರಾಮ

ಜನ ಎಡವುವುದು ಇಲ್ಲಿ. ತಪ್ಪು ವಿರಾಮಕ್ಕಿಂತ ಮೊದಲೇ ಆಗಿರುತ್ತದೆ. ಹಿಂದಿನ ಸಾಲಿನ ಮೂಲೆಯ ಕುರ್ಚಿಯಲ್ಲಿ ಕುಳಿತವರಿಗೆ ಪಕ್ಕದಲ್ಲಿ ಗೋಡೆ ಮಾತ್ರ ಇರುತ್ತದೆ. ಯಾರಾದರೂ ಕುಳಿತಿರುವ ಸಾಲಿನಲ್ಲಿ ಅವರ ಪಕ್ಕಕ್ಕೇ ಹೋಗಿ ಕುಳಿತು, ಟಾಕ್ ಶುರುವಾಗುವ ಮೊದಲೇ ಹೆಸರು ಹೇಳಿಬಿಡಿ. ಮೊದಲ ಐದು ನಿಮಿಷ ದಾಟಿದ ಮೇಲೆ ಹೆಸರು ಹೇಳುವುದು ವಿಚಿತ್ರವಾಗಿ ತೋರುತ್ತದೆ, ನಾಚಿಕೆ ಗೆಲ್ಲುತ್ತದೆ.

ಟಾಕ್ ಮುಗಿದೊಡನೆ ಎಲ್ಲರೂ ಸ್ಪೀಕರ್ ಸುತ್ತ ಮುತ್ತಿಕೊಳ್ಳುತ್ತಾರೆ. ನೀವು ಹೋಗಬೇಡಿ. ಎಂಟು ಜನ ಒಟ್ಟಿಗೆ ಮಾತನಾಡಿಸಿದ ಸ್ಪೀಕರ್‌ಗೆ ಒಬ್ಬರ ಹೆಸರೂ ನೆನಪಿರುವುದಿಲ್ಲ. ಪ್ರಶ್ನೋತ್ತರದ ವೇಳೆ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದವರನ್ನು ಗುರುತಿಟ್ಟುಕೊಳ್ಳಿ. ತಮಗೆ ಯಾವುದರಲ್ಲಿ ಆಸಕ್ತಿ ಎಂದು ಅವರು ಆಗಲೇ ಎಲ್ಲರೆದುರು ಹೇಳಿಕೊಂಡಿದ್ದಾರೆ, ಮತ್ತು ಬಹುಪಾಲು ಈಗ ಕಪ್ ಹಿಡಿದು ಒಂಟಿಯಾಗಿ ನಿಂತಿರುತ್ತಾರೆ.

ಹಾಸನದ ಕಡೆಯ ಯುವತಿಯೊಬ್ಬಳು ಒಮ್ಮೆ ಎದ್ದು, "ನಮ್ಮ ಆ್ಯಪಿನಲ್ಲಿ ರ‍್ಯಾಂಕ್ ಎಂದು ಹುಡುಕಿದರೆ ಅರ್ಧ ಫಲಿತಾಂಶ ಮಾತ್ರ ಬರುತ್ತದೆ, ಏಕೆ?" ಎಂದು ಕೇಳಿದಳು. ಸ್ಪೀಕರ್ ಬಳಿ ಉತ್ತರವಿರಲಿಲ್ಲ. ಚಹಾದ ಹೊತ್ತಿಗೆ ಹುಡುಗನೊಬ್ಬ ಅವಳ ಬಳಿ ಹೋಗಿ, "ನಿಮ್ಮ ಪ್ರಶ್ನೆ ನನ್ನನ್ನೂ ಕಾಡಿದೆ. ರಕಾರದ ನಂತರ ಕಣ್ಣಿಗೆ ಕಾಣದ ಜೋಡಕ ಅಕ್ಷರವೊಂದು ಕುಳಿತಿರುತ್ತದೆ, ಗಮನಿಸಿದ್ದೀರಾ?" ಎಂದ. ಒಬ್ಬರು ಅದನ್ನು ಸೇರಿಸಿ ರ‍್ಯಾ ಎಂದು ಬೆರಳಚ್ಚಿಸುತ್ತಾರೆ, ಇನ್ನೊಬ್ಬರು ಸೇರಿಸದೆ ಅರ್ಕಾವೊತ್ತಿನ ರ್ಯಾ ಎಂದು. ಕಂಪ್ಯೂಟರಿಗೆ ಇವು ಎರಡು ಬೇರೆ ಪದಗಳು. ಇಬ್ಬರೂ ಟಿಶ್ಯೂ ಕಾಗದದ ಮೇಲೆ ಅಕ್ಷರ ಬಿಡಿಸಿ ಬರೆಯುತ್ತ ನಿಂತವರು ಮುಂದಿನ ಟಾಕಿಗೆ ಒಳಗೆ ಬರಲೇ ಇಲ್ಲ. ನಾನು ಕರೆಯಲೂ ಹೋಗಲಿಲ್ಲ.

ಗುಂಪಿನೊಳಗೆ ಸೇರಿಕೊಳ್ಳುವುದು ಹೇಗೆ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಅವರು ನಿಂತ ಭಂಗಿ ನೋಡಿ. ಇಬ್ಬರು ಎದುರುಬದುರಾಗಿ ನಿಂತಿದ್ದರೆ ಬಿಟ್ಟುಬಿಡಿ, ಅಲ್ಲಿ ಏನೋ ಸ್ವಂತ ವಿಷಯ ನಡೆದಿರುತ್ತದೆ. ಮೂರು ನಾಲ್ಕು ಜನರ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದರೆ ಅಲ್ಲಿ ಹೋಗಿ ನಿಲ್ಲಿ. ಎರಡು ನಿಮಿಷ ಸುಮ್ಮನೆ ಕೇಳಿಸಿಕೊಳ್ಳಿ. ಆಮೇಲೆ ಅವರು ಆಡುತ್ತಿರುವ ವಿಷಯದ ಮೇಲೆಯೇ ಒಂದು ಪ್ರಶ್ನೆ ಕೇಳಿ. ಹೆಸರು ಹೇಳುವುದು ಅದರ ನಂತರ.

"ಎಲ್ಲಿ ಕೆಲಸ ಮಾಡುತ್ತೀರಿ?" ಎಂದು ಮಾತು ಶುರು ಮಾಡಬೇಡಿ. ಈ ಊರಿನಲ್ಲಿ ಅದು ತಕ್ಕಡಿ ಹಿಡಿದಂತೆ ಕೇಳಿಸುತ್ತದೆ. ಕೆಲಸ ಹುಡುಕುತ್ತಿರುವವರು ಈ ಪ್ರಶ್ನೆಗೆ ಉತ್ತರಿಸಲಾಗದೆ ಮುದುಡಿಹೋಗುತ್ತಾರೆ. "ಯಾವ ಊರು?" ಎಂದು ಧಾರಾಳವಾಗಿ ಕೇಳಿ, ಅಲ್ಲಿಗೇ ನಿಲ್ಲಿಸಿ. ಅದರ ಬೆನ್ನಿಗೇ "ಯಾವ ಜನ?" ಎಂದು ಕೇಳಿದವರನ್ನೂ ನೋಡಿದ್ದೇನೆ. ಕಪ್ ಖಾಲಿಯಾಗುವ ಮೊದಲೇ ಎದುರಿನವರು ಖಾಲಿಯಾಗಿದ್ದರು.

ಇಂಗ್ಲಿಷ್ ಬಗ್ಗೆ ಒಂದು ಮಾತು. ವ್ಯಾಕರಣ ತಪ್ಪೀತೆಂದು ಬಾಯಿ ಬಿಡದವರೇ ಬಹಳ. ಒಂದು ವಾಕ್ಯ ಕನ್ನಡದಲ್ಲಿ ಆಡಿ ನೋಡಿ. ಸುತ್ತ ನಿಂತವರಲ್ಲಿ ಒಬ್ಬರಾದರೂ ತಿರುಗಿ ನೋಡುತ್ತಾರೆ, ಅವರ ಮುಖವೂ ಸಡಿಲವಾಗುತ್ತದೆ.

ಮಾತು ಮುಗಿಸುವುದನ್ನೂ ಕಲಿಯಬೇಕು. ಶೌಚಾಲಯದ ನೆಪ ಹೇಳಿ ಜಾರಿಕೊಳ್ಳುವ ಅಗತ್ಯವಿಲ್ಲ. "ನಿಮ್ಮ ಹೆಸರು ಬರೆದುಕೊಳ್ಳುತ್ತೇನೆ, ರಾತ್ರಿ ಒಂದು ಸಂದೇಶ ಕಳುಹಿಸಲೇ?" ಎಂದು ಕೇಳಿ, ಅವರೆದುರೇ ನೋಟ್‌ಬುಕ್ಕಿನಲ್ಲಿ ಹೆಸರನ್ನೂ ಮಾತನಾಡಿದ ವಿಷಯವನ್ನೂ ಬರೆದುಕೊಳ್ಳಿ. ಒಂದು ವಿರಾಮಕ್ಕೆ ಇಬ್ಬರು, ಹೆಚ್ಚೆಂದರೆ ಮೂವರು. ಸಾಲಾಗಿ ನಿಂತು ಇಪ್ಪತ್ತು ಜನರ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವವರಿಗೆ ರಾತ್ರಿ ಉಳಿಯುವುದು ಇಪ್ಪತ್ತು ಹೆಸರು. ಯಾವ ಹೆಸರಿಗೆ ಯಾವ ಮುಖ ಎಂಬುದು ಮರೆತುಹೋಗಿರುತ್ತದೆ. ರೆಸ್ಯೂಮೆಯ ಪ್ರತಿಗಳನ್ನಂತೂ ಚೀಲದಿಂದ ಹೊರಗೆ ತೆಗೆಯಲೇಬೇಡಿ.

ಹೆಜ್ಜೆ 5: ಆ ರಾತ್ರಿಯ ಸಂದೇಶ

ಅದೇ ರಾತ್ರಿ ಕಳುಹಿಸಬೇಕು. ಸೋಮವಾರವಾದರೆ ಅವರು ಕಚೇರಿಯ ಗದ್ದಲದಲ್ಲಿ ನಿಮ್ಮನ್ನು ಮರೆತಿರುತ್ತಾರೆ. ಲಿಂಕ್ಡ್‌ಇನ್‌ನಲ್ಲಿ ಕನೆಕ್ಟ್ ಗುಂಡಿ ಒತ್ತಿ ಸುಮ್ಮನಾಗುವುದು ಬಾಗಿಲು ತಟ್ಟಿ ಓಡಿಹೋದಂತೆ. ಜೊತೆಗೆ ಟಿಪ್ಪಣಿ ಸೇರಿಸಿ. ಉಚಿತ ಖಾತೆಯಲ್ಲಿ ತಿಂಗಳಿಗೆ ಕೆಲವೇ ಟಿಪ್ಪಣಿಗಳಿಗೆ ಅವಕಾಶವಿರುವುದರಿಂದ ಅವನ್ನು ನಿಜವಾಗಿ ಮಾತನಾಡಿಸಿದವರಿಗೇ ಉಳಿಸಿಡಿ. ಜಾಗವೂ ಕಡಿಮೆ, ಕನ್ನಡದಲ್ಲಿ ಬರೆದರೆ ಇನ್ನೂ ಬೇಗ ತುಂಬುತ್ತದೆ: "ಕ್ಷ" ನಮ್ಮ ಕಣ್ಣಿಗೆ ಒಂದಕ್ಷರ, ಕಂಪ್ಯೂಟರಿನ ಅಕ್ಷರ ಸಂಕೇತವಾದ ಯೂನಿಕೋಡಿಗೆ ಮೂರು.

"ನಮಸ್ಕಾರ. ನಿಮ್ಮಂಥವರ ಜೊತೆ ಸಂಪರ್ಕ ಹೊಂದಲು ಸಂತೋಷವಾಗುತ್ತದೆ" ಎಂಬ ಸಂದೇಶಕ್ಕೆ ಉತ್ತರ ಬಾರದು. ಅದನ್ನು ಯಾರು ಯಾರಿಗೆ ಬೇಕಾದರೂ ಬರೆಯಬಹುದು. ಹೀಗೆ ಬರೆಯಿರಿ: "ಮೇಡಂ, ಇವತ್ತು ಚಹಾದ ಹೊತ್ತಿಗೆ ರ‍್ಯಾಂಕ್ ಪದದ ಹುಡುಕಾಟದ ಬಗ್ಗೆ ಮಾತನಾಡಿದೆವು. ನಾನು ಬರೆದ ಹತ್ತು ಸಾಲಿನ ಕೋಡ್ ಇದೆ, ಕಳುಹಿಸಲೇ?" ಎಲ್ಲಿ ಭೇಟಿಯಾದದ್ದು, ಏನು ಮಾತನಾಡಿದ್ದು, ಹೌದು ಎಂದಷ್ಟೇ ಹೇಳಿದರೆ ಸಾಕಾಗುವ ಒಂದು ಪ್ರಶ್ನೆ. ಮೊದಲ ಸಂದೇಶದಲ್ಲೇ ಕೆಲಸ ಕೇಳಬೇಡಿ, ಮೂರನೆಯದರಲ್ಲೂ ಬೇಡ.

ನೂರಾರು ಜನರಿಗೆ ತಾನಾಗಿಯೇ ಕೋರಿಕೆ ಕಳುಹಿಸುವ ಬ್ರೌಸರ್ ಎಕ್ಸ್‌ಟೆನ್ಷನ್‌ಗಳ ಕಡೆ ತಲೆ ಹಾಕಬೇಡಿ. ಲಿಂಕ್ಡ್‌ಇನ್ ಅವುಗಳನ್ನು ನಿಷೇಧಿಸಿದೆ, ಸಿಕ್ಕಿಬಿದ್ದರೆ ಖಾತೆಗೇ ಕುತ್ತು.

ಹೆಜ್ಜೆ 6: ಪೋಸ್ಟ್ ಮತ್ತು ಗ್ರೂಪ್

ಸೆಲ್ಫಿ ಹಾಕಿ ಇಪ್ಪತ್ತು ಜನರನ್ನು ಟ್ಯಾಗ್ ಮಾಡುವ ಬದಲು ಅಂದು ಕಲಿತ ಒಂದು ಸಂಗತಿಯನ್ನು ನಾಲ್ಕು ಸಾಲಿನಲ್ಲಿ ಬರೆದು, ಅದನ್ನು ಹೇಳಿಕೊಟ್ಟವರನ್ನು ಮಾತ್ರ ಟ್ಯಾಗ್ ಮಾಡಿ. ಬೇರೆಯವರ ಮುಖವಿರುವ ಫೋಟೊಗೆ ಅವರ ಒಪ್ಪಿಗೆ ಪಡೆಯಿರಿ.

ವಾಟ್ಸ್‌ಆ್ಯಪ್ ಗ್ರೂಪಿಗೆ 1,024 ಜನರವರೆಗೆ ಸೇರಬಹುದು. ನಿಮ್ಮ ನಂಬರ್ ಅಷ್ಟೂ ಜನರಿಗೆ ಕಾಣಿಸುವ ಸಾಧ್ಯತೆಯನ್ನು ಸೇರುವ ಮೊದಲೇ ಯೋಚಿಸಿ. ಮೀಟಪ್ ಮುಗಿದ ರಾತ್ರಿಯೇ ಅಪರಿಚಿತರ "ಹಾಯ್" ಬಂದಿತೆಂದು ಹಲವು ಹೆಣ್ಣುಮಕ್ಕಳು ನನ್ನಲ್ಲಿ ದೂರಿದ್ದಾರೆ. ಟೆಲಿಗ್ರಾಂ ಗುಂಪಿದ್ದರೆ ಅದನ್ನೇ ಆರಿಸಿಕೊಂಡು, ಗೋಪ್ಯತೆಯ ಸೆಟ್ಟಿಂಗ್‌ನಲ್ಲಿ ನಂಬರ್ ಯಾರಿಗೂ ಕಾಣದಂತೆ ಮಾಡಿ. ಯಾವ ಗ್ರೂಪೇ ಆಗಲಿ, ಶುಭೋದಯದ ಹೂವಿನ ಚಿತ್ರ ಬೇಡ.

ಹೆಜ್ಜೆ 7: ಮುಂದಿನ ತಿಂಗಳು ಮತ್ತೆ ಬನ್ನಿ

ಈ ಸಲ ಅರ್ಧ ಗಂಟೆ ಮೊದಲೇ ಬಂದು ಕುರ್ಚಿ ಜೋಡಿಸಲು ಕೈ ಹಚ್ಚಿ. ಕುರ್ಚಿ ಎತ್ತಿದವರ ಹೆಸರು ಸಂಘಟಕರಾದ ನಮಗೆ ಮರೆಯುವುದಿಲ್ಲ. ಮೂರನೇ ತಿಂಗಳಿಗೆ ಐದು ನಿಮಿಷದ ಲೈಟ್ನಿಂಗ್ ಟಾಕ್ ಕೊಡುತ್ತೇನೆಂದು ಹೇಳಿ. ನೀವು ಬಿಡಿಸಿದ ಒಂದು ಸಣ್ಣ ತೊಡಕು ಸಾಕು, ಸ್ಲೈಡ್ ಐದು ದಾಟದಿರಲಿ. ನಿಮ್ಮ ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಕಿಂಡಿ (ಪರದೆಗೆ ಚಿತ್ರ ಕಳುಹಿಸುವ ತಂತಿ ಸಿಕ್ಕಿಸುವ ಜಾಗ) ಇಲ್ಲವಾದರೆ ಅಡಾಪ್ಟರ್ ಮನೆಯಿಂದಲೇ ತನ್ನಿ. ನಮ್ಮಲ್ಲಿರುವುದು ಒಂದೇ ಒಂದು, ಅದೂ ಸ್ವಲ್ಪ ಅಲುಗಿದರೆ ಪರದೆ ಕಪ್ಪಾಗುತ್ತದೆ.