ಹಳೇ ಗೆಳೆಯರ ಜೊತೆ ಕಡಲ ದಾರಿ, ಒಂದು ದಿನ ಹಾಯಿದೋಣಿ: ಮೊದಲು ಗಾಳಿಯನ್ನು ಕೇಳಿ

ಹಳೇ ಗೆಳೆಯರ ಟ್ರಿಪ್ ಅಂದರೆ ಮೊದಲು ರಜೆ, ಆಮೇಲೆ ಕಾರು, ಆಮೇಲೆ ರೂಮು, ಕೊನೆಗೆ ದೋಣಿ. ನಾವೂ ಹೀಗೇ ಮಾಡಿದ್ದೆವು. 4 ದಿನದ ಟ್ರಿಪ್, ಹಾಯಿದೋಣಿ ಕೊನೇ ದಿನಕ್ಕೆ. ಆ ಬೆಳಿಗ್ಗೆ ದಡಕ್ಕೆ ಹೋಗಿ ನೋಡಿದರೆ ಕಣ್ಣು ಹಾಯುವಷ್ಟು ದೂರ ಬಿಳಿ ನೊರೆ, ಒಂದು ದೋಣಿಯೂ ಹೊರಟಿರಲಿಲ್ಲ. ಮರುದಿನ ಎಲ್ಲರಿಗೂ ಆಫೀಸು. ಮರಳಲ್ಲಿ ಸ್ವಲ್ಪ ಹೊತ್ತು ಕೂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು ವಾಪಸ್ ಬಂದೆವು.

ಅದಕ್ಕೇ ಹೇಳುತ್ತಿದ್ದೇನೆ, ದೋಣಿಯ ದಿನವನ್ನು ಮೊದಲು ಗೊತ್ತು ಮಾಡಿ. ಅದು ಟ್ರಿಪ್‌ನ ನಡುವೆ ಇರಲಿ, ಅದರ ಮರುದಿನ ಪೂರ್ತಿ ಖಾಲಿ ಇರಲಿ. ಇವತ್ತು ಗಾಳಿ ಸರಿ ಇಲ್ಲವಾ, ನಾಳೆ ಹೋದರಾಯಿತು. ಗಾಳಿ ಬಂದಾಗ ತೂರಿಕೋ ಅನ್ನುವ ಮಾತು ಕಣದಲ್ಲಿ ಎಷ್ಟು ನಿಜವೋ ಕಡಲಲ್ಲೂ ಅಷ್ಟೇ ನಿಜ.

ಎಷ್ಟು ಗಾಳಿ ಇದ್ದರೆ ಚೆನ್ನ? ಹವಾಮಾನದ ಆ್ಯಪ್‌ನಲ್ಲಿ ಗಾಳಿಯ ವೇಗವನ್ನು ನಾಟ್ ಲೆಕ್ಕದಲ್ಲಿ ನೋಡಿ. 1 ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. 5 ನಾಟ್‌ಗಿಂತ ಕಡಿಮೆ ಇದ್ದರೆ ದೋಣಿ ನಿಂತಲ್ಲೇ ತೂಗುತ್ತದೆ, ಹೊಟ್ಟೆ ತೊಳೆಸುವುದು ಆಗಲೇ. 8ರಿಂದ 12 ನಾಟ್ ನಮ್ಮಂಥವರಿಗೆ ಹೇಳಿ ಮಾಡಿಸಿದ ಗಾಳಿ. 17 ದಾಟಿದರೆ ಅಲೆಗಳ ಮೇಲೆಲ್ಲ ನೊರೆ ಏಳುತ್ತದೆ, ಆಗ ಸುಮ್ನೆ ದಡದಲ್ಲೇ ಇರಿ. ಒಂದೇ ಅಂಕಿ ನೋಡಿ ಮೋಸ ಹೋಗಬೇಡಿ, ಪಕ್ಕದಲ್ಲೇ ಗಸ್ಟ್ ಅಂತ ಇನ್ನೊಂದು ಅಂಕಿ ಇರುತ್ತದೆ. ಇದ್ದಕ್ಕಿದ್ದಂತೆ ಬರುವ ರಭಸದ ಗಾಳಿಯ ವೇಗ ಅದು. ದೋಣಿಯನ್ನು ಒಮ್ಮೆಲೇ ವಾಲಿಸುವುದೂ ಅದೇ.

ಬಿಸಿಲಿನ ದಿನ ದಡದ ಹತ್ತಿರದ ಗಾಳಿಗೆ ಅದರದ್ದೇ ಟೈಮ್‌ಟೇಬಲ್ ಇದೆ. ನೆಲ ನೀರಿಗಿಂತ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ಹಾಗಾಗಿ ಬೆಳಿಗ್ಗೆ ಸಪ್ಪೆ, 11ರ ಹೊತ್ತಿಗೆ ಶುರು, ಮಧ್ಯಾಹ್ನ ಜೋರು, ಸಂಜೆಗೆ ಮತ್ತೆ ತಣ್ಣಗೆ. ಬೆಳಗಿನ ಜಾವ 6ಕ್ಕೇ ಎಲ್ಲರನ್ನೂ ಎಬ್ಬಿಸಿ ಓಡಿಸುವ ಶಿಸ್ತಿನ ಗೆಳೆಯ ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ, ಅಲ್ವಾ? ಅವನಿಗೆ ಇದನ್ನು ಓದಿ ಹೇಳಿ.

ಕಾರಿನ ವಿಷಯ ಜಾಸ್ತಿ ಇಲ್ಲ. ಕಡಲ ದಾರಿ ಮ್ಯಾಪಿನಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ, ನಿಜದಲ್ಲಿ ತಿರುವು, ಸೇತುವೆ, ಅಳಿವೆ ಸುತ್ತಿಕೊಂಡು ಹೋಗುವುದು. ದಿನಕ್ಕೆ 4 ಗಂಟೆ ಸಾಕು, 2 ಗಂಟೆಗೊಮ್ಮೆ ನಿಲ್ಲಿಸಿ. ರಸ್ತೆಯ ಎಡಗಡೆ ಗಾಡಿ ಓಡಿಸುವ ದೇಶವಾದರೆ ಕಡಲು ಎಡಕ್ಕೆ ಬರುವಂತೆ ದಾರಿ ಆರಿಸಿಕೊಳ್ಳಿ. ಚಂದದ ಜಾಗ ಕಂಡಾಗ ಎದುರಿನ ಗಾಡಿಗಳನ್ನು ದಾಟದೆ ಪಕ್ಕಕ್ಕೆ ನಿಲ್ಲಿಸಬಹುದು. ಬಲಗಡೆ ಓಡಿಸುವ ಕಡೆ ಇದರ ಉಲ್ಟಾ. ಗಾಜಿನ ಮೇಲೆ ಉಪ್ಪು ಕೂತು ಸಂಜೆ ಬಿಸಿಲಿಗೆ ಎದುರಿನದ್ದು ಏನೂ ಕಾಣುವುದಿಲ್ಲ, ಒಂದು ಬಾಟಲಿ ಸಿಹಿನೀರು ಮತ್ತು ಬಟ್ಟೆ ಡಿಕ್ಕಿಯಲ್ಲಿರಲಿ. ಒದ್ದೆ ಮರಳಿನ ಮೇಲೆ ಮಾತ್ರ ಕಾರು ಇಳಿಸಬೇಡಿ. ಒದ್ದೆ ಇದೆ ಅಂದರೆ ನೀರು ಅಲ್ಲಿವರೆಗೂ ಬಂದು ಹೋಗಿದೆ, ಮತ್ತೆ ಬರುತ್ತದೆ. ಹೆಚ್ಚಿನ ಕಡಲ ತೀರಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನಕ್ಕೆ 50 ನಿಮಿಷ ತಡವಾಗುತ್ತಾ ಹೋಗುತ್ತದೆ, ನಿನ್ನೆಯ ಸಮಯ ಇವತ್ತಿಗೆ ಬರುವುದಿಲ್ಲ.

ದುಡ್ಡನ್ನು ಹೊರಡುವ ಮೊದಲೇ ಒಬ್ಬನ ಕೈಗೆ ಹಾಕಿ ಮುಗಿಸಿ. ಯಾರು ಎಷ್ಟು ಕೊಟ್ಟರು ಅನ್ನುವ ಲೆಕ್ಕ ದಾರಿಯಲ್ಲಿ ಬಂತು ಅಂದರೆ 20 ವರ್ಷದ ಹಳೇ ಲೆಕ್ಕವೂ ಎದ್ದು ಬರುತ್ತದೆ.

ಈಗ ದೋಣಿ. ನಿಮ್ಮಲ್ಲಿ ಯಾರಿಗೂ ಪಕ್ಕಾ ಅನುಭವ ಇಲ್ಲದಿದ್ದರೆ ಕ್ಯಾಪ್ಟನ್ ಸಮೇತ ಬಾಡಿಗೆಗೆ ತೆಗೆದುಕೊಳ್ಳಿ, ಇಲ್ಲಿ ಬಡಾಯಿ ಬೇಡ. ಹತ್ತುವ ಮೊದಲು ಲೈಫ್ ಜಾಕೆಟ್ ಹಾಕಿ ಬೆಲ್ಟ್ ಎಳೆದು ನೋಡಿ. ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿದರೆ ಅದು ಕಿವಿಯವರೆಗೆ ಬಂದರೆ ಸಡಿಲ ಅಂತ ಅರ್ಥ, ನೀರಿಗೆ ಬಿದ್ದಾಗ ಜಾಕೆಟ್ ತೇಲುತ್ತದೆ, ನೀವಲ್ಲ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ದಡದಲ್ಲಿ ಯಾರಿಗಾದರೂ ಹೇಳಿ ಹೋಗಿ. ಗಟ್ಟಿ ಸೂಟ್‌ಕೇಸ್ ಬೇಡ, ಮೆತ್ತನೆಯ ಬ್ಯಾಗು ಸಾಕು. ಊಟ ಒಂದೇ ಕೈಯಲ್ಲಿ ತಿನ್ನುವಂಥದ್ದಾಗಿರಲಿ, ಇನ್ನೊಂದು ಕೈ ಸದಾ ದೋಣಿಯನ್ನು ಹಿಡಿದಿರಬೇಕು. ಕುಡಿಯುವವರು ದಡಕ್ಕೆ ಬಂದ ಮೇಲೆ ಕುಡಿಯಲಿ.

ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗುವುದಿಲ್ಲ. ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಸೊಟ್ಟಸೊಟ್ಟಗೆ ಹೋಗಬೇಕು. ಇದು ನಿಧಾನ, ಮೈ ಒದ್ದೆ, ಕೆಲಸವೂ ಜಾಸ್ತಿ. ಆದ್ದರಿಂದ ಸಾಧ್ಯವಾದರೆ ಈ ಕಷ್ಟವನ್ನು ಮೊದಲೇ ಮುಗಿಸಿ. ಹೋಗುವಾಗ ಗಾಳಿಗೆ ಎದುರು, ಬರುವಾಗ ಗಾಳಿ ಬೆನ್ನಿಗೆ. ಉಲ್ಟಾ ಮಾಡಿದರೆ ಸುಸ್ತಾದ ಹೊತ್ತಿನಲ್ಲಿ ಮನೆ ಇನ್ನೂ ದೂರವಿರುತ್ತದೆ.

ಗಾಳಿ ಬೆನ್ನಿಗಿದ್ದಾಗ ಎಲ್ಲ ಶಾಂತ ಅನಿಸುತ್ತದೆ. ದೋಣಿ ಗಾಳಿಯ ಜೊತೆಗೇ ಓಡುವುದರಿಂದ ಮುಖಕ್ಕೆ ಗಾಳಿ ಬಡಿಯುವುದಿಲ್ಲ ಅಷ್ಟೇ. ಎಚ್ಚರ ಬೇಕಾಗಿದ್ದು ಆಗಲೇ. ಹಾಯಿಯ ಬುಡದಲ್ಲಿ ಅಡ್ಡಕ್ಕೆ ಇರುವ ದಂಡ, ಬೂಮ್, ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಸಿ ಹೋಗುತ್ತದೆ. ಎರಡನೇ ಸಲ ಹೋದಾಗ ನಮ್ಮಲ್ಲೊಬ್ಬ ಫೋಟೋ ತೆಗೆಯಲು ಎದ್ದು ನಿಂತ. ಕ್ಯಾಪ್ಟನ್ ‘ತಲೆ!’ ಅಂದ. ಇವನು ಯಾರ ತಲೆ ಅಂತ ತಿರುಗಿ ನೋಡಿದ. ದಂಡ ಅವನ ಟೋಪಿಯನ್ನು ಮಾತ್ರ ತೆಗೆದುಕೊಂಡು ಹೋಯಿತು. ಟೋಪಿ ಸ್ವಲ್ಪ ದೂರ ಬಿಳಿಯಾಗಿ ತೇಲುತ್ತಿತ್ತು, ಎರಡು ಅಲೆ ಎದ್ದು ಇಳಿಯುವಷ್ಟರಲ್ಲಿ ಯಾರಿಗೂ ಕಾಣಲಿಲ್ಲ. ಮನುಷ್ಯನ ತಲೆಯೂ ಅಷ್ಟೇ ಬೇಗ ಕಾಣೆಯಾಗುತ್ತದೆ. ಯಾರಾದರೂ ಬಿದ್ದರೆ ಒಬ್ಬನಿಗೆ ಒಂದೇ ಕೆಲಸ: ಅವರ ಕಡೆ ಬೆರಳು ತೋರಿಸುತ್ತಾ, ಕಣ್ಣು ತೆಗೆಯದೆ ನಿಲ್ಲುವುದು. ಉಳಿದದ್ದು ಉಳಿದವರು ನೋಡಿಕೊಳ್ಳಲಿ.

ವಾಂತಿಯ ವಿಷಯಕ್ಕೆ ನಾಚಿಕೆ ಬೇಡ. ಮಾತ್ರೆ ತೆಗೆದುಕೊಳ್ಳುವವರು ದೋಣಿ ಹತ್ತುವ ಮೊದಲೇ ತೆಗೆದುಕೊಳ್ಳಬೇಕು, ತೊಳೆಸಲು ಶುರುವಾದ ಮೇಲೆ ನುಂಗಿ ಅಷ್ಟು ಪ್ರಯೋಜನವಿಲ್ಲ. ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳಿ, ನಮ್ಮ ವಯಸ್ಸಿಗೆ ಬಿಪಿ ಮಾತ್ರೆ ಇಲ್ಲದವರು ಯಾರು? ವಾಂತಿ ತಡೆಯುವ ಮಾತ್ರೆಗಳಲ್ಲಿ ಹಲವಕ್ಕೆ ನಿದ್ದೆ ಬರುತ್ತದೆ, ಅವತ್ತು ಅದನ್ನು ನುಂಗಿದವರ ಕೈಗೆ ಕಾರು ಕೊಡಬೇಡಿ. ಹೊಟ್ಟೆ ತೊಳೆಸುತ್ತಿರುವವರನ್ನು ದೋಣಿಯ ನಡುವೆ ಕೂರಿಸಿ, ದೂರದಲ್ಲಿ ಕಡಲು ಆಕಾಶ ಸೇರುವ ಗೆರೆ ನೋಡಲು ಹೇಳಿ, ಫೋನ್ ಕಿತ್ತುಕೊಳ್ಳಿ. ಕ್ಯಾಪ್ಟನ್ ಒಪ್ಪಿದರೆ ಚುಕ್ಕಾಣಿಯನ್ನೇ ಅವರ ಕೈಗೆ ಕೊಡಿಸಿ. ಮುಖ ಬಿಳಿಚಿಕೊಂಡು ಕೂತಿದ್ದ ನಮ್ಮ ಗೆಳೆಯ ಚುಕ್ಕಾಣಿ ಹಿಡಿದ ಹತ್ತೇ ನಿಮಿಷಕ್ಕೆ ನಮಗೆಲ್ಲ ಆರ್ಡರ್ ಹಾಕಲು ಶುರು ಮಾಡಿದ. ಆದರೂ ಬಂದೇ ಬಂತು ಅಂದರೆ, ಗಾಳಿ ಎತ್ತ ಹೋಗುತ್ತಿದೆಯೋ ಅತ್ತ ಕಡೆ ಬಗ್ಗಲಿ. ಎದುರು ಗಾಳಿಗೆ ಬಗ್ಗಿದರೆ ಪಾಲು ಎಲ್ಲರಿಗೂ ಸಿಗುತ್ತದೆ.

ವಾಪಸ್ ಬಂದ ಮೇಲೆ ಆ ರಾತ್ರಿ ಕಾರು ಓಡಿಸುವ ಪ್ಲಾನ್ ಇಟ್ಟುಕೊಳ್ಳಬೇಡಿ. ಬಿಸಿಲು, ಉಪ್ಪು, ಗಾಳಿ ಸೇರಿ ಮೈ ಹಿಂಡಿರುತ್ತದೆ, ನೆಲದ ಮೇಲೆ ನಿಂತರೂ ತೂಗಿದ ಹಾಗೆ ಆಗುತ್ತದೆ. ರೂಮು ದಡದಿಂದ ನಡೆದು ಹೋಗುವಷ್ಟು ಹತ್ತಿರ ಇರಲಿ. ನಾವು ಬಾತ್‌ರೂಮಿನಲ್ಲಿ ಮುಖ ತೊಳೆಯುವಾಗಲೂ ಗೋಡೆ ಹಿಡಿದುಕೊಂಡೇ ನಿಂತಿದ್ದೆವು.