ಗುಡ್ಡಗಳ ಪಟ್ಟಿ ಕಟ್ಟುವ ಮತ್ತು ತಿದ್ದುವ ಕ್ರಮ: ವೇಲ್ಸಿನ ಮಾದರಿ, ಬಳ್ಳಾರಿ–ಕೊಪ್ಪಳದ ನೆಲ

ಬಳ್ಳಾರಿ, ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಗುಡ್ಡಗಳನ್ನು ಎತ್ತರದ ಕ್ರಮದಲ್ಲಿ ಪಟ್ಟಿ ಮಾಡಲು ಹೊರಟವರಿಗೆ ಅಳತೆಗಿಂತ ಮುಂಚೆಯೇ ಎಣಿಕೆಯ ತೊಡಕು ಎದುರಾಗುತ್ತದೆ. ಆನೆಗೊಂದಿಯಿಂದ ಹಿರೇಬೆಣಕಲ್ಲಿನವರೆಗಿನ ಬಂಡೆಗುಡ್ಡಗಳಲ್ಲಿ ಯಾವುದು ಬೇರೆಯೇ ಗುಡ್ಡ, ಯಾವುದು ಪಕ್ಕದ ಗುಡ್ಡದ ಹೆಗಲು ಎಂಬುದನ್ನು ಕಣ್ಣಳತೆಯಿಂದ ತೀರ್ಮಾನಿಸಿದರೆ ಹತ್ತು ಜನ ಹತ್ತು ಬಗೆಯ ಪಟ್ಟಿ ಮಾಡುತ್ತಾರೆ. ಈ ತೊಡಕನ್ನು ಬ್ರಿಟನ್ನಿನ, ಅದರಲ್ಲೂ ವೇಲ್ಸಿನ, ಹವ್ಯಾಸಿ ಪಟ್ಟಿಕಾರರು ದಶಕಗಳಿಂದ ಬಿಡಿಸುತ್ತ ಬಂದಿದ್ದಾರೆ. ಅವರ ಕ್ರಮವನ್ನು ನಮ್ಮ ನೆಲಕ್ಕೆ ಒಗ್ಗಿಸಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಆ ಕ್ರಮದ ಬುಡದಲ್ಲಿರುವುದು ಪ್ರಾಮಿನೆನ್ಸ್ ಎಂಬ ಅಳತೆ. ಇಲ್ಲಿ ಅದನ್ನು ಸ್ವಂತ ಎತ್ತರ ಎಂದು ಕರೆಯುತ್ತೇನೆ. ಒಂದು ಗುಡ್ಡದ ತುದಿಯಿಂದ ಹೊರಟು ಅದಕ್ಕಿಂತ ಎತ್ತರವಾದ ಯಾವುದಾದರೂ ನೆಲವನ್ನು ಮುಟ್ಟಬೇಕಾದರೆ, ಇರುವ ಎಲ್ಲ ದಾರಿಗಳಲ್ಲಿ ಅತಿ ಕಡಿಮೆ ಇಳಿಯಬೇಕಾದ ದಾರಿಯನ್ನು ಆರಿಸಿಕೊಂಡು, ಆ ದಾರಿಯ ಅತ್ಯಂತ ಕೆಳಗಿನ ಜಾಗವನ್ನು ಗುರುತಿಸಬೇಕು. ಆ ಜಾಗವೇ ನಡುತಗ್ಗು. ತುದಿಯ ಎತ್ತರದಿಂದ ನಡುತಗ್ಗಿನ ಎತ್ತರವನ್ನು ಕಳೆದರೆ ಸ್ವಂತ ಎತ್ತರ ಸಿಗುತ್ತದೆ. ವೇಲ್ಸಿನ ಅತಿ ಎತ್ತರದ ಸ್ನೋಡನ್ ಪರ್ವತ, ಅಂದರೆ ಅರ್ ವಿದ್ವಾ, ಸಮುದ್ರಮಟ್ಟದಿಂದ 1,085 ಮೀಟರ್ ಇದ್ದು, ಅದರ ಸ್ವಂತ ಎತ್ತರ 1,039 ಮೀಟರ್ ಆಗಿದೆ. ಅದರ ನೆರೆಯ ಎಷ್ಟೋ ಶಿಖರಗಳು ಸಮುದ್ರಮಟ್ಟದಿಂದ ಬಹಳ ಎತ್ತರದಲ್ಲಿದ್ದರೂ ಸ್ವಂತ ಎತ್ತರದಲ್ಲಿ ತೀರ ಚಿಕ್ಕವು.

ಪಟ್ಟಿಯ ನಿಯಮವನ್ನು ಒಂದೇ ಒಂದು ಗುಡ್ಡವನ್ನೂ ಅಳೆಯುವ ಮುನ್ನವೇ ಬರೆದಿಟ್ಟುಕೊಳ್ಳಬೇಕು. ಬ್ರಿಟನ್ನಿನ ಪಟ್ಟಿಗಳು ಒಂದರಿಂದೊಂದು ಬೇರೆಯಾಗುವುದು ಈ ನಿಯಮದಿಂದಲೇ. ಇಂಗ್ಲೆಂಡ್ ಮತ್ತು ವೇಲ್ಸಿನ ನಟಾಲ್ ಪಟ್ಟಿಯಲ್ಲಿ 2,000 ಅಡಿ, ಅಂದರೆ 609.6 ಮೀಟರ್ ಎತ್ತರವೂ 15 ಮೀಟರ್ ಸ್ವಂತ ಎತ್ತರವೂ ಇದ್ದರೆ ಸಾಕು. ಹ್ಯೂಯಿಟ್ ಪಟ್ಟಿಗೆ ಅದೇ 2,000 ಅಡಿಯ ಜೊತೆಗೆ 30 ಮೀಟರ್ ಸ್ವಂತ ಎತ್ತರ ಬೇಕು. 1992ರಲ್ಲಿ ಆ್ಯಲನ್ ಡಾಸನ್ ಪ್ರಕಟಿಸಿದ ಮ್ಯಾರಿಲಿನ್ ಪಟ್ಟಿ ಸಮುದ್ರಮಟ್ಟದ ಎತ್ತರವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, 150 ಮೀಟರ್ ಸ್ವಂತ ಎತ್ತರವೊಂದನ್ನೇ ಕೇಳುತ್ತದೆ. ನಿಯಮ ಸಡಿಲವಿದ್ದಲ್ಲಿ ಎಣಿಕೆ ಹೇಗೆ ಅಲುಗಾಡುತ್ತದೆ ಎಂಬುದಕ್ಕೆ ವೇಲ್ಸಿನ 3,000 ಅಡಿ ಮೀರಿದ ಶಿಖರಗಳೇ ಸಾಕ್ಷಿ: ಅವು 14 ಎನ್ನುವವರೂ ಇದ್ದಾರೆ, 15 ಎನ್ನುವವರೂ ಇದ್ದಾರೆ. ವ್ಯತ್ಯಾಸಕ್ಕೆ ಕಾರಣ ಕಾರ್ನೆಡ್ ಗ್ವೆನ್‌ಲಿಯನ್ ಎಂಬ, ಎತ್ತರ ಸಾಕಷ್ಟಿದ್ದೂ ಸುತ್ತಲ ಏಣಿನಿಂದ ಅಷ್ಟಾಗಿ ಮೇಲೇಳದ ಒಂದು ತುದಿ.

ನಮ್ಮ ಭಾಗಕ್ಕೆ ಸಮುದ್ರಮಟ್ಟದ ಎತ್ತರವನ್ನು ಗೆರೆಯಾಗಿ ಹಾಕಿಕೊಳ್ಳುವುದು ಸರಿಹೋಗದು ಎಂಬುದು ನನ್ನ ಅಭಿಪ್ರಾಯ. ಗಂಗಾವತಿ ಮತ್ತು ರಾಯಚೂರಿನ ಬಯಲು ಸುಮಾರು 400 ಮೀಟರ್ ಎತ್ತರದಲ್ಲಿದೆ; ಸಂಡೂರಿನ ಅದಿರಿನ ಸಾಲುಗಳು ಸಾವಿರ ಮೀಟರಿನ ಆಸುಪಾಸಿಗೆ ಏರುತ್ತವೆ. 600 ಮೀಟರ್ ಎಂದು ಗೆರೆ ಎಳೆದರೆ ಪಟ್ಟಿಯ ತುಂಬ ಸಂಡೂರಿನ ಸಾಲಿನ ಉಬ್ಬುಗಳೇ ತುಂಬಿಕೊಂಡು, ಎರೆ ಹೊಲಗಳ ನಡುವೆ ಒಂಟಿಯಾಗಿ ನಿಂತ ಮಸ್ಕಿಯ ಗುಡ್ಡದಂಥವು ಹೊರಗುಳಿಯುತ್ತವೆ. ಆದ್ದರಿಂದ ಸ್ವಂತ ಎತ್ತರ 30 ಮೀಟರ್ ಎಂಬುದೊಂದನ್ನೇ ಪ್ರವೇಶದ ನಿಯಮವಾಗಿಸಿ, ಸಮುದ್ರಮಟ್ಟದ ಎತ್ತರವನ್ನು ಬೇರೆ ಕಾಲಮ್ಮಿನಲ್ಲಿ ಬರೆಯುವುದು ಒಳ್ಳೆಯದು. ಬ್ರಿಟನ್ನಿನಲ್ಲಿ ಟಂಪ್ ಎಂದು ಕರೆಯುವ ಪಟ್ಟಿಯೂ ಇದೇ 30 ಮೀಟರಿನ ಮೇಲೆ ನಿಂತಿದೆ.

ಮೇಜಿನ ಮೇಲಿನ ಕೆಲಸ ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಟೊಪೊಶೀಟು ನಕ್ಷೆಗಳಿಂದ ಆರಂಭವಾಗುತ್ತದೆ. ಹಳೆಯ ಕ್ರಮಸಂಖ್ಯೆಯಲ್ಲಿ ಕೊಪ್ಪಳ, ಗಂಗಾವತಿ, ಬಳ್ಳಾರಿ ಪಟ್ಟಣಗಳ ಸುತ್ತಲ ನೆಲವೆಲ್ಲ 57 ಎ ಸರಣಿಯೊಳಗೆ ಬರುತ್ತದೆ. ಈ ಹಾಳೆಗಳಲ್ಲಿ ಸಮೋನ್ನತಿ ರೇಖೆಗಳ, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳ, ಅಂತರ ಸಾಮಾನ್ಯವಾಗಿ 20 ಮೀಟರ್ ಇರುವುದರಿಂದ ಉತ್ತರ ಒಂದೇ ಅಂಕಿಯಾಗಿ ಸಿಗುವುದಿಲ್ಲ. ಒಂದು ಗುಡ್ಡದ ಕೊನೆಯ ರೇಖೆ 540, ನಡುತಗ್ಗು 500 ಮತ್ತು 520ರ ನಡುವೆ ಎಂದಿಟ್ಟುಕೊಳ್ಳಿ. ತುದಿ 540ರಿಂದ 560ರೊಳಗೆ ಎಲ್ಲಿಯಾದರೂ ಇರಬಹುದಾದ್ದರಿಂದ ಸ್ವಂತ ಎತ್ತರ ಕನಿಷ್ಠ 20, ಗರಿಷ್ಠ 60 ಮೀಟರ್ ಆಗುತ್ತದೆ. ಕನಿಷ್ಠವೇ 30 ಮೀರಿದರೆ ಗುಡ್ಡ ಪಟ್ಟಿಗೆ ಸೇರುತ್ತದೆ, ಗರಿಷ್ಠವೂ 30 ಮುಟ್ಟದಿದ್ದರೆ ಬಿಟ್ಟುಹೋಗುತ್ತದೆ, ನಡುವಿನವು ಸಂಶಯದ ಕಟ್ಟಿಗೆ ಹೋಗುತ್ತವೆ. ಹೊಲಕ್ಕೆ ಇಳಿದು ಅಳೆಯಬೇಕಾದದ್ದು ಈ ಸಂಶಯದ ಕಟ್ಟನ್ನು ಮಾತ್ರ.

ಆ ಕಟ್ಟನ್ನು ತೆಳುವಾಗಿಸಲು ಉಪಗ್ರಹ ದತ್ತಾಂಶ ನೆರವಾಗುತ್ತದೆ. 2000ನೇ ಇಸವಿಯ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯ ರಾಡಾರಿನಿಂದ ಸಂಗ್ರಹಿಸಿದ ಎಸ್‌ಆರ್‌ಟಿಎಂ, ಯುರೋಪಿನ ಕೋಪರ್ನಿಕಸ್, ನಮ್ಮ ಇಸ್ರೋದ ಕಾರ್ಟೊಡೆಮ್ ಇವೆಲ್ಲ ಸುಮಾರು 30 ಮೀಟರ್ ಚೌಕಗಳಲ್ಲಿ ಎತ್ತರವನ್ನು ಕೊಡುತ್ತವೆ; ಕ್ಯುಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಅವನ್ನು ತೆರೆದು ಐದು ಮೀಟರಿಗೊಂದು ರೇಖೆ ಬಿಡಿಸಿಕೊಳ್ಳಬಹುದು. ಬಯಲಿನಲ್ಲಿ ಇವುಗಳ ಮಾತು ಹೆಚ್ಚುಕಡಿಮೆ ನಂಬಲರ್ಹ. ಬಂಡೆಯ ಮೇಲೆ ಬಂಡೆ ಕೂತ ನಮ್ಮ ಗುಡ್ಡಗಳ ತುದಿಯಲ್ಲಿ ಮಾತ್ರ ಚೌಕದ ಸರಾಸರಿಯಲ್ಲಿ ತುದಿಬಂಡೆಯೇ ಕರಗಿಹೋಗಿ ಎತ್ತರ ಹಲವು ಮೀಟರ್ ಕಡಿಮೆ ತೋರುತ್ತದೆ. ವೇಲ್ಸಿನವರಿಗೆ ವಿಮಾನದಿಂದ ಲೇಸರಿನಲ್ಲಿ ಅಳೆದ ಲೈಡಾರ್ ದತ್ತಾಂಶ ಉಚಿತವಾಗಿ ಸಿಗುವುದರಿಂದ ಈ ಕಷ್ಟ ಅಷ್ಟಿಲ್ಲ. ಹೊಟ್ಟೆಕಿಚ್ಚು ಪಡಬಹುದಾದ ಸೌಕರ್ಯ ಅದು.

ಹೊಸಬರು ತಮ್ಮ ಶ್ರಮವನ್ನೆಲ್ಲ ತುದಿಗೇ ಸುರಿಯುತ್ತಾರೆ, ಆದರೆ ಪಟ್ಟಿ ಕೆಡುವುದು ಬಹುಪಾಲು ನಡುತಗ್ಗಿನಲ್ಲಿ. ತುದಿ ಎಲ್ಲಿದೆಯೆಂದು ಕಣ್ಣಿಗೆ ಕಾಣುತ್ತದೆ. ನಡುತಗ್ಗು ಹೊಲದ ಬದುವಿನಲ್ಲೋ, ಊರಿನ ಓಣಿಯಲ್ಲೋ, ಜಾಲಿಯ ಪೊದೆಯಲ್ಲೋ ಅಡಗಿರುತ್ತದೆ. ಒಂಟಿ ಗುಡ್ಡಗಳ ನಡುತಗ್ಗು ಎಷ್ಟೋ ಕಿಲೋಮೀಟರ್ ದೂರದಲ್ಲಿರಬಹುದು, ಪಕ್ಕದ ಜಿಲ್ಲೆಯಲ್ಲೂ ಇರಬಹುದು. ಜಿಲ್ಲೆಯ ಗಡಿ ಬಂತೆಂದು ಹುಡುಕಾಟ ನಿಲ್ಲಿಸಬಾರದು. ಹೊಳೆಯ ಪಾತ್ರ ಸುತ್ತಲ ನೆಲದಲ್ಲೆಲ್ಲ ತಗ್ಗಾದದ್ದಾದ್ದರಿಂದ, ಆನೆಗೊಂದಿ ಬದಿಯ ಅಂಜನಾದ್ರಿಯಂಥ ಗುಡ್ಡದ ನಡುತಗ್ಗನ್ನು ತುಂಗಭದ್ರೆ ದಾಟಿ ಹಂಪಿಯ ಕಡೆ ಹುಡುಕುವ ಅಗತ್ಯವಿಲ್ಲ, ಅದೇ ದಂಡೆಯ ಮೇಲೆಯೇ ಹುಡುಕಬೇಕು. ರಸ್ತೆ, ರೈಲುಹಳಿ ಅಥವಾ ಕಾಲುವೆಗಾಗಿ ನಡುತಗ್ಗನ್ನು ಅಗೆದಿದ್ದರೆ, ಅಗೆತದ ಎರಡೂ ಅಂಚಿನ ಮೂಲ ನೆಲವನ್ನು ನೋಡಿ ಸಹಜ ಮಟ್ಟವನ್ನು ಅಂದಾಜಿಸಿ, ಅಂದಾಜು ಎಂದೇ ಬರೆಯಬೇಕು.

ತುದಿಯ ವಿಷಯದಲ್ಲಿ ತೀರ್ಮಾನವಾಗಬೇಕಾದದ್ದು ಸಹಜ ನೆಲ ಯಾವುದು ಎಂಬುದು. ಗುಡಿಯ ಗೋಪುರ, ಕೋಟೆಯ ಬುರುಜು, ಧ್ವಜಸ್ತಂಭ, ಮೊಬೈಲ್ ಟವರು ಲೆಕ್ಕಕ್ಕಿಲ್ಲ. ತಾನಾಗಿ ನೆಲೆನಿಂತ ಬಂಡೆ ಎಷ್ಟೇ ದೊಡ್ಡದಿರಲಿ, ಹತ್ತಲು ಬಾರದಿರಲಿ, ಗುಡ್ಡದ ಭಾಗವೇ. ಪ್ರಾಚೀನ ಮಾನವರು ಪೇರಿಸಿದ್ದು ಮಾತ್ರ ಜಗಳದ ವಸ್ತು. ದಕ್ಷಿಣ ವೇಲ್ಸಿನ ಅತಿ ಎತ್ತರದ ಪೆನ್ ಅ ವಾನ್ ಶಿಖರದ ನೆತ್ತಿಯಲ್ಲಿ, 886 ಮೀಟರಿನಲ್ಲಿ, ಕಂಚಿನ ಯುಗದ ಸಮಾಧಿಯ ಕಲ್ಲುಗುಪ್ಪೆಯಿದೆ. ನಮ್ಮಲ್ಲಿ ಕುಡುತಿನಿಯ ನವಶಿಲಾಯುಗದ ಬೂದಿದಿಬ್ಬ ಇದೇ ಪ್ರಶ್ನೆಯನ್ನು ಎಬ್ಬಿಸುತ್ತದೆ: ಸಾವಿರಾರು ವರ್ಷದಿಂದ ನಿಂತಿದ್ದರೂ ಅದು ದನದ ಸಗಣಿ ಸುಟ್ಟು ಬೆಳೆದ ದಿಬ್ಬ. ನನ್ನ ಪಟ್ಟಿಯಲ್ಲಿ ಅಂಥವು ಗುಡ್ಡವಲ್ಲ. ಬೇರೆಯವರು ಬೇರೆ ನಿರ್ಧಾರ ಮಾಡಬಹುದು, ಆದರೆ ಮಾಡಿದ್ದನ್ನು ನಿಯಮದಲ್ಲಿ ಬರೆದಿರಬೇಕು.

ಸ್ಥಳಕ್ಕೆ ಹೋಗಿ ಅಳೆಯುವಾಗ ಮೊಬೈಲು ತೋರಿಸುವ ಎತ್ತರವನ್ನು ನೇರವಾಗಿ ಬರೆದುಕೊಳ್ಳಬಾರದು. ಉಪಗ್ರಹಗಳು ಲೆಕ್ಕ ಹಾಕುವುದು ಭೂಮಿಯ ಗಣಿತದ ಆಕಾರದಿಂದ. ನಕ್ಷೆ ಎಣಿಸುವುದು ಸಮುದ್ರಮಟ್ಟದಿಂದ. ದಕ್ಷಿಣ ಭಾರತದಲ್ಲಿ ಸಮುದ್ರಮಟ್ಟದ ಮೇಲ್ಮೈ ಆ ಗಣಿತದ ಆಕಾರಕ್ಕಿಂತ ಬಹಳ ಕೆಳಗಿರುವುದರಿಂದ, ತಿದ್ದುಪಡಿ ಮಾಡದ ಆ್ಯಪ್ ನಮ್ಮ ಭಾಗದಲ್ಲಿ ಸುಮಾರು 80 ಮೀಟರ್ ಕಡಿಮೆ ತೋರಿಸುತ್ತದೆ. ವೇಲ್ಸಿನಲ್ಲಿ ಇದೇ ತಪ್ಪು ತಿರುಗುಮುರುಗಾಗಿ, ಐವತ್ತು ಮೀಟರಿಗೂ ಹೆಚ್ಚು ಏರಿಸಿ ತೋರಿಸುತ್ತದೆ. ವಾಯುಭಾರಮಾಪಕವಿರುವ ಫೋನು ಅಥವಾ ಗಡಿಯಾರ ಬಳಸುವವರಿಗೆ ಬೇರೆಯೇ ಎಚ್ಚರಿಕೆ ಬೇಕು. ಉಷ್ಣವಲಯದಲ್ಲಿ ಗಾಳಿಯ ಒತ್ತಡ ಪ್ರತಿದಿನ ಬೆಳಗಿನ ಹತ್ತರ ಹೊತ್ತಿಗೆ ಏರಿ, ಮಧ್ಯಾಹ್ನ ನಾಲ್ಕರ ಹೊತ್ತಿಗೆ ಸುಮಾರು ಮೂರು ಹೆಕ್ಟೊಪಾಸ್ಕಲ್ ಇಳಿಯುತ್ತದೆ, ಒಂದೊಂದು ಹೆಕ್ಟೊಪಾಸ್ಕಲ್ ಸುಮಾರು ಒಂಬತ್ತು ಮೀಟರಿಗೆ ಸಮ. ಬೆಳಿಗ್ಗೆ ನಡುತಗ್ಗನ್ನೂ ಸಂಜೆ ತುದಿಯನ್ನೂ ಅಳೆದರೆ ಇಲ್ಲದ 27 ಮೀಟರ್ ಗುಡ್ಡಕ್ಕೆ ಸೇರಿಕೊಳ್ಳುತ್ತದೆ, ಅಂದರೆ ಹೆಚ್ಚುಕಡಿಮೆ ನಮ್ಮ ಪ್ರವೇಶದ ಗೆರೆಯಷ್ಟು. ತಗ್ಗು, ತುದಿ, ಮತ್ತೆ ತಗ್ಗು ಎಂದು ಬೇಗಬೇಗ ಅಳೆದು, ತಗ್ಗಿನ ಎರಡು ಓದಿಕೆಗಳ ವ್ಯತ್ಯಾಸವನ್ನು ಸಮಯಕ್ಕೆ ತಕ್ಕಂತೆ ಹಂಚುವುದೇ ಪರಿಹಾರ.

30 ಮೀಟರಿನ ಗೆರೆಗೆ ಮೂರು ನಾಲ್ಕು ಮೀಟರ್ ಸಮೀಪವಿರುವ ಗುಡ್ಡಗಳಿಗೆ ಲೆವೆಲ್ ಯಂತ್ರ ಮತ್ತು ಸ್ಟಾಫ್ ಎಂಬ ಅಳತೆಗೋಲು ಬೇಕೇ ಬೇಕು. ಸಿವಿಲ್ ಕಾಮಗಾರಿ ಮಾಡುವವರಲ್ಲಿ ಇವು ಬಾಡಿಗೆಗೆ ಸಿಗುತ್ತವೆ. ಸ್ವಂತ ಎತ್ತರವೆಂಬುದು ಎರಡು ಜಾಗಗಳ ವ್ಯತ್ಯಾಸವಷ್ಟೇ ಆದ್ದರಿಂದ ಸಮುದ್ರಮಟ್ಟದ ಗೊಡವೆಯಿಲ್ಲದೆ ತಗ್ಗಿನಿಂದ ತುದಿಯವರೆಗೆ ಮಟ್ಟ ಒಯ್ದರೆ ಸಾಕು. ಅಕ್ಕಪಕ್ಕದ ಎರಡು ಬಂಡೆಗಳಲ್ಲಿ ಎತ್ತರ ಯಾವುದು ಎಂಬ ಪ್ರಶ್ನೆಗೆ ಗೌಂಡಿಗಳು ಬಳಸುವ ನೀರಿನ ಲೆವೆಲ್ ಪೈಪು ಚೆನ್ನಾಗಿ ಉತ್ತರ ಕೊಡುತ್ತದೆ. ಗುಡ್ಡ ಅರಣ್ಯದಲ್ಲೋ ಗಣಿ ಗುತ್ತಿಗೆಯಲ್ಲೋ ಇದ್ದರೆ ಮೊದಲು ಅನುಮತಿ ಪಡೆಯಬೇಕು. ದರೋಜಿ ಸುತ್ತಿನ ಗುಡ್ಡಗಳಲ್ಲಿ ಕರಡಿಗಳಿರುವುದರಿಂದ ಹೊತ್ತು ಮುಳುಗುವ ಮುನ್ನ ಇಳಿದುಬರಬೇಕು.

ಇನ್ನು ತಿದ್ದುವ ಕೆಲಸ. 2008ರ ಮರುಅಳತೆಯಲ್ಲಿ ವೇಲ್ಸಿನ ಮನಿದ್ ಗ್ರೈಗ್ ಗೋಖ್ 609ರಿಂದ 609.75 ಮೀಟರಿಗೆ ಏರಿ 2,000 ಅಡಿಯ ಪಟ್ಟಿಗೆ ಬಂತು. 2010ರಲ್ಲಿ 999 ಮೀಟರ್ ಎಂದಿದ್ದ ಗ್ಲಿಡರ್ ವೌರ್ 1,000.8 ಎಂದು ತಿಳಿದುಬಂತು. ಇಂಗ್ಲೆಂಡಿನ ಕಾಫ್ ಟಾಪ್ 2016ರಲ್ಲಿ ಯಾರೂ ಮತ್ತೆ ಅಳೆಯದೆಯೇ, ಸಮುದ್ರಮಟ್ಟದ ಲೆಕ್ಕಾಚಾರದ ಮಾದರಿ ಪರಿಷ್ಕೃತವಾದ ಮಾತ್ರಕ್ಕೆ 609.606 ಮೀಟರ್ ಆಗಿ, ಆರು ಮಿಲಿಮೀಟರಿನ ಬಲದಿಂದ ಪರ್ವತವೆನಿಸಿಕೊಂಡಿತು. ನಮ್ಮಲ್ಲಿ ಇನ್ನೆರಡು ಕಾರಣಗಳು ಸೇರುತ್ತವೆ. ಸಂಡೂರಿನಲ್ಲಿ ಗಣಿಗಾರಿಕೆಯಿಂದ ನೆತ್ತಿಗಳು ತಗ್ಗಿವೆ, ತೆಗೆದ ಮಣ್ಣಿನ ಹೊಸ ದಿಬ್ಬಗಳು ಎದ್ದಿವೆ. ಹಳೆಯ ಟೊಪೊಶೀಟಿನ ಎತ್ತರವನ್ನು ಅಲ್ಲಿ ಇಂದಿನ ಎತ್ತರವೆಂದು ಬರೆಯಲಾಗದು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹಂಪಿಯ ಮಾತಂಗ ಪರ್ವತ ಒಂದಿಂಚೂ ಕದಲದೆ ಬಳ್ಳಾರಿಯ ಪಟ್ಟಿಯಿಂದ ಹೊರಬಿತ್ತು.

ಆದ್ದರಿಂದ ಪ್ರತಿ ಗುಡ್ಡದ ಸಾಲಿನಲ್ಲಿ ಹೆಸರು, ತುದಿಯ ಮತ್ತು ನಡುತಗ್ಗಿನ ಅಕ್ಷಾಂಶ ರೇಖಾಂಶ, ಎರಡರ ಎತ್ತರ, ಅಳತೆಯ ವಿಧಾನ, ತಪ್ಪಿರಬಹುದಾದ ಮಿತಿ ಹಾಗೂ ಅಳೆದ ದಿನಾಂಕ ಇರಲಿ. ಹೆಸರು ತಿಳಿಯದಿದ್ದರೆ ತಾವೇ ಇಡದೆ, ದನ ಕಾಯುವವರನ್ನೂ ಊರಿನ ಹಿರಿಯರನ್ನೂ ಕೇಳಬೇಕು. ಅವರೂ ಹೇಳದಿದ್ದರೆ ದಿಶಾಂಕ್ ಆ್ಯಪಿನಲ್ಲಿ ಸಿಗುವ ಗ್ರಾಮ ಮತ್ತು ಸರ್ವೆ ನಂಬರಿನಿಂದ ಗುರುತಿಸಬಹುದು. ಪರಿಷ್ಕರಣೆಯಲ್ಲಿ ಹೊರಬಿದ್ದ ಗುಡ್ಡವನ್ನು ಅಳಿಸಿಹಾಕದೆ, ಕಾರಣ ಮತ್ತು ದಿನಾಂಕದೊಡನೆ ಪಟ್ಟಿಯ ಕೊನೆಗೆ ಸರಿಸಬೇಕು. ಕ್ರಮಸಂಖ್ಯೆಯನ್ನು ಎತ್ತರದ ಸ್ಥಾನದಿಂದ ಬೇರೆಯಾಗಿಯೇ ಇಟ್ಟು, ಒಮ್ಮೆ ಕೊಟ್ಟ ಸಂಖ್ಯೆಯನ್ನು ಇನ್ನೊಂದು ಗುಡ್ಡಕ್ಕೆ ಕೊಡಬಾರದು. ಇಲ್ಲದಿದ್ದರೆ ಹಳೆಯ ಆವೃತ್ತಿ ಹಿಡಿದು ಹತ್ತಿದವರ ಲೆಕ್ಕವೂ ಹೊಸ ಆವೃತ್ತಿಯವರ ಲೆಕ್ಕವೂ ತಾಳೆಯಾಗುವುದಿಲ್ಲ.